ಬೀಗರ ಮನೆಗೆ ಹೋದ ನೀರು

ಕೆರೆಗಳ ಅಂತರರಾಷ್ಟ್ರೀಯ ಸಹಕಾರ ಘಟಕದ ಮುಖ್ಯಾಧಿಕಾರಿಗಳಿಗೆ,
ಬೆಳಗಾವಿ

ಮಾನ್ಯರೇ,

ಕಳೆದ ರವಿವಾರ ಪೀರನವಾಡಿಯ ನಮ್ಮ ಕಾಲೊನಿಯಲ್ಲಿ ನಡೆದ ನನ್ನ ಮಗಳು ಸಮೃದ್ಧಿಯ ಸಂತಾಪ ಸಭೆಗೆ ತಾವೇ ಅಧ್ಯಕ್ಷರಾಗಿ ಬಂದಿರಿ. ತಮಗೂ ಅಲ್ಲಿ ನೆರೆದಿದ್ದ ಸಮಸ್ತರಿಗೂ ಧನ್ಯವಾದಗಳು. ಶಾಮಿಯಾನ ಚೆನ್ನಾಗಿತ್ತು. ಎರಡು ನಿಮಿಷದ ಮೌನವೆಂದು ಘೋಷಿಸಿ ನಲವತ್ತು ಸೆಕೆಂಡಿಗೆ ಮುಗಿಸಿದಿರಿ. ಕಾಲೇಜಿನ ಚರ್ಚಾಕೂಟಗಳಲ್ಲಿ ಬೆಳೆದವನಾದ್ದರಿಂದ ಗಡಿಯಾರ ನೋಡುವ ಚಟ ನನಗಿನ್ನೂ ಬಿಟ್ಟಿಲ್ಲ. ಆದರೆ ತಮ್ಮ ಸಂತಾಪವನ್ನು ಮಾತ್ರ ನಾನು ಸ್ವೀಕರಿಸಲಾರೆ. ಇಪ್ಪತ್ತರ ಹುಡುಗಿ ಕಾಮಾಲೆಯಿಂದ ಸತ್ತದ್ದು ತಾವು ಭಾಷಣದಲ್ಲಿ ಹೇಳಿದಂತೆ ವಿಧಿಯ ಆಟದಿಂದಲ್ಲ, ತಮ್ಮ ಘಟಕ ಅಂಟಿಸಿದ ಪ್ರಮಾಣಪತ್ರದಿಂದ. ಆ ಪತ್ರದ ಪರವಾಗಿ ನನ್ನ ಮನೆಯಲ್ಲಿ ವಾದಿಸಿದವನು ನಾನು. ಹೀಗಿರುವಾಗ ನಮ್ಮಿಬ್ಬರಲ್ಲಿ ಯಾರು ಯಾರಿಗೆ ಸಂತಾಪ ಸೂಚಿಸಬೇಕು?

ಇದನ್ನು ಪತ್ರಿಕೆಯಲ್ಲಿ ಓದುವ, ವಿಷಯ ತಿಳಿಯದವರಿಗಾಗಿ ಮೊದಲಿಂದ ಹೇಳುತ್ತೇನೆ. ಕಳೆದ ವರ್ಷ ತಾವು ನಮ್ಮ ಗೌಳೇರ ಕೆರೆಯನ್ನು ಹಿಮದ ನಾಡೊಂದರ ದೊಡ್ಡ ಸರೋವರಕ್ಕೆ ಸೋದರಿಯನ್ನಾಗಿ ಮಾಡಿದಿರಿ. ಆ ನಾಡಿನ ಅಧಿಕಾರಿಗಳು ಬಂದರು. ತಾವು ಕೆರೆಗೆ ಹಸಿರು ಕುಪ್ಪಸದ ಖಣ, ತೆಂಗಿನಕಾಯಿ, ಅಕ್ಕಿ ಹಾಕಿ ಉಡಿ ತುಂಬಿದಿರಿ. ಮುತ್ತೈದೆಯರಿಂದ ಆರತಿ ಮಾಡಿಸಿದಿರಿ. ಇಂದಿನಿಂದ ನಾವು ನೀವು ಬೀಗರು ಎಂದು ಮೈಕಿನಲ್ಲಿ ಸಾರಿದಿರಿ. ಪ್ರತಿ ತಿಂಗಳು ಕೆರೆಯ ಒಂದು ಬಾಟಲಿ ನೀರು ಅವರ ಪ್ರಯೋಗಾಲಯಕ್ಕೆ ಹೋಗಬೇಕು, ಅವರು ಪರೀಕ್ಷಿಸಿ ಸಲಹೆ ಕೊಡಬೇಕು ಎಂಬುದು ಒಪ್ಪಂದ. ಇದಕ್ಕಿಂತ ಒಳ್ಳೆಯ ಒಪ್ಪಂದ ಬೇಕೆ? ಆ ಸರೋವರದ ಜಲಾನಯನ ಮೂರು ದೇಶಗಳಲ್ಲಿ ಹರಡಿದೆಯಂತೆ. ಮೂರು ದೇಶಗಳವರು ಮೂವತ್ತು ವರ್ಷ ಒಂದೇ ಮೇಜಿನ ಸುತ್ತ ಕುಳಿತು, ಯಾರ ಚರಂಡಿ ಎಲ್ಲಿ ಸೇರಬಾರದೆಂದು ಜಗಳಾಡಿ, ಕೊನೆಗೆ ನೀರನ್ನು ತಿಳಿಯಾಗಿಸಿದರಂತೆ. ನಮ್ಮ ಕೆರೆಯ ಜಲಾನಯನವಾದರೋ ನಾಲ್ಕು ಗಲ್ಲಿ, ಎರಡು ಹೈನು ಕೊಟ್ಟಿಗೆ ಮತ್ತು ಒಂದು ತೆರೆದ ಗಟಾರ. ಸಮುದ್ರದಾಚೆಯವರೊಡನೆ ಸಹಕಾರ ನಮಗೆ ಒಂದೇ ಮಧ್ಯಾಹ್ನದಲ್ಲಿ ಸಿದ್ಧಿಸಿತು. ಮೇಲಿನ ಗಲ್ಲಿಯವರೊಡನೆ ಇನ್ನೂ ಮಾತುಕತೆಯೇ ಆರಂಭವಾಗಿಲ್ಲ.

ಬಾಟಲಿ ತುಂಬುವ ಕೆಲಸ ತಮ್ಮ ಕಚೇರಿಯ ಜವಾನ ಕಲ್ಲಯ್ಯನದು. ಅವನು ನಮ್ಮ ಎದುರು ಮನೆಯವನು. ಬಾಟಲಿಯ ಜೊತೆಗಿನ ಫಾರ್ಮು ಇಂಗ್ಲಿಷಿನಲ್ಲಿದ್ದುದರಿಂದ ಅದನ್ನು ಪ್ರತಿ ತಿಂಗಳು ನಮ್ಮ ಪಡಸಾಲೆಗೆ ತಂದು, ಬಿ.ಎಸ್ಸಿ. ಓದುತ್ತಿದ್ದ ಸಮೃದ್ಧಿಯಿಂದ ತುಂಬಿಸಿಕೊಳ್ಳುತ್ತಿದ್ದ.

"ಬಣ್ಣ ಏನ್ ಬರೀಲಿ, ಕಾಕಾ?"

"ಬಣ್ಣ ಇಲ್ಲವ್ವಾ, ಕನ್ನಡಿ ಇದ್ದಂಗ ಐತಿ."

"ವಾಸನಿ?"

"ಏನೂ ಇಲ್ಲ. ಬೇಕಾದ್ರ ಮೂಸಿ ನೋಡು."

ಅವಳು ಮೂಸಿ ನೋಡಿಯೇ ಬರೆದಳು. ಅವಳು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಆರು ತಿಂಗಳಿಗೆ ಬೀಗರ ಪತ್ರ ಬಂತು. ಇಷ್ಟು ಶುದ್ಧವಾದ ಕೆರೆನೀರನ್ನು ತಾವೆಂದೂ ಕಂಡಿಲ್ಲವೆಂದೂ, ಊರಿನ ಅಂಚಿನಲ್ಲಿ ಇದನ್ನು ಹೇಗೆ ಸಾಧಿಸಿದಿರೆಂದು ದಯವಿಟ್ಟು ಕಲಿಸಬೇಕೆಂದೂ ಅವರು ಬೇಡಿಕೊಂಡಿದ್ದರು. ತಾವು ಸಂಕೋಚಪಟ್ಟಿರಾ? ಇಲ್ಲ. 'ಸಮುದಾಯದ ಸಹಭಾಗಿತ್ವ' ಎಂಬ ಶೀರ್ಷಿಕೆಯಲ್ಲಿ ಮೂರು ಪುಟ ಕಲಿಸಿದಿರಿ. ಪತ್ರದ ಕನ್ನಡ ಅನುವಾದವನ್ನು ಪ್ರಮಾಣಪತ್ರವೆಂದು ಕೆರೆದಂಡೆಯ ಪಂಪ್‌ಹೌಸಿನ ಬಾಗಿಲಿಗೆ ಅಂಟಿಸಿದಿರಿ. ನಮ್ಮ ನಲ್ಲಿಗಳಿಗೆ ನೀರು ಬರುವುದು ಕೆರೆಯ ನೀರೇ ಬಸಿದು ತುಂಬುವ ಅಲ್ಲಿಯ ಬಾವಿಯಿಂದ. ಇಷ್ಟು ಶುದ್ಧವಾದ ನೀರಿಗೆ ಬ್ಲೀಚಿಂಗ್ ಪೌಡರ್ ಅನಾವಶ್ಯಕವೆಂದು ಅದನ್ನೂ ನಿಲ್ಲಿಸಿದಿರಿ. ಕೆರೆಯ ದಂಡೆಯಲ್ಲಿ ಮೂಗು ಮುಚ್ಚಿಕೊಂಡು ಭಾಷಣ ಮಾಡುವಾಗಲಾದರೂ ತಮಗೊಂದು ಅನುಮಾನ ಬರಬಾರದಿತ್ತೆ?

ಅನುಮಾನ ಬಂದದ್ದು ನನ್ನ ಹೆಂಡತಿ ಕಾಶವ್ವನಿಗೆ. ಆಕೆ ನಾಲ್ಕನೆಯ ಇಯತ್ತೆ ಓದಿದವಳು.

"ನೀರು ಕಾಸಿ ಕುಡೀರಿ ಅಂದ್ರ ನಿಮಗೇನು ತ್ರಾಸು?" ಎಂದಳು.

"ಪರದೇಶದ ಪ್ರಯೋಗಶಾಲಿ ದೊಡ್ಡದೋ, ನಿನ್ನ ಮೂಗು ದೊಡ್ಡದೋ?" ಎಂದೆ.

"ನನ್ನ ಮೂಗು ದಿನಾ ಕೆರಿ ದಂಡಿಗೆ ಹೋಗಿ ಬರತೈತಿ. ಆ ಪ್ರಯೋಗಶಾಲಿಯವರ ಮೂಗು ಎಂದರ ಬಂದೈತೇನು?"

ಉತ್ತರವಿಲ್ಲದಿದ್ದಾಗಲೂ ಗೆಲ್ಲುವುದು ಹೇಗೆಂದು ಕಲಿಸುವುದೇ ಚರ್ಚಾಕೂಟ. ಭಾವನೆ ಬೇರೆ, ಪುರಾವೆ ಬೇರೆ ಎಂದು ಹತ್ತು ನಿಮಿಷ ಮಾತಾಡಿದೆ. ಸಮೃದ್ಧಿ ತೀರ್ಪುಗಾರಳಾಗಿ ಸ್ಟೀಲ್ ಲೋಟವನ್ನು ಚಮಚದಿಂದ ಬಡಿದು, "ಅಪ್ಪಾ ಗೆದ್ರು! ಅವ್ವಾ, ಇನ್ನ ಗ್ಯಾಸು ಉಳಿಸು" ಎಂದು ನಕ್ಕು, ಅದೇ ಲೋಟವನ್ನು ನಲ್ಲಿಗೆ ಹಿಡಿದು ಕುಡಿದಳು. ಖಾನಾಪುರದ ಕೋರ್ಟಿನಲ್ಲಿ ಶಿರಸ್ತೇದಾರನಾದ ನಾನು ಇಪ್ಪತ್ತೆಂಟು ವರ್ಷ ಸಾಕ್ಷಿಗಳನ್ನು ನೋಡಿದ್ದೇನೆ. ಕಣ್ಣೆದುರಿನ ಸಾಕ್ಷಿಯನ್ನು ಬಿಟ್ಟು ಕಾಗದವನ್ನು ನಂಬಿದೆ. ಅಕ್ಟೋಬರಿನಲ್ಲಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಅವಳು ಹೋದಳು.

ಅವಳು ಹೋದ ಒಂಬತ್ತನೆಯ ದಿನ ಕಲ್ಲಯ್ಯ ಬಂದು ಹೊಸ್ತಿಲ ಹೊರಗೇ ನಿಂತ.

"ಒಳಗ ಬಾ, ಕುಂದರು" ಎಂದೆ.

"ಕುಂದರೂ ಮಾರಿ ಇಲ್ಲರೀ ನಂದು. ಸಾಹೇಬ್ರ, ಆ ಬಾಟ್ಲಿ ನೀರು ಕೆರೀದಲ್ಲ."

"ಮತ್ತ ಎಲ್ಲೀದು?"

"ಕಣಕುಂಬೀದು, ಘಟ್ಟದ ಕಾಡಿನ್ಯಾಗಿಂದು. ತಿಂಗಳಿಗೊಮ್ಮೆ ಅಲ್ಲಿ ಮಳಿ ಲೆಕ್ಕ ಬರ್ಕೊಳ್ಳಾಕ ಹೋಗತೇನಲ್ಲರೀ, ಆವಾಗ ಅಲ್ಲೀ ಝರೀದು ತುಂಬ್ಕೊಂಡು ಬರತಿದ್ದೆ. ಉಡಿ ತುಂಬೇವಿ, ಆರತಿ ಮಾಡೇವಿ, ಬೀಗರಾದ್ರು. ಬೀಗರ ಮನಿಗೆ ಹೊಲಸು ನೀರು ಹೆಂಗ ಕಳಸೂದರೀ? ಊರ ಮರ್ಯಾದಿ ಹೋಗೂದಿಲ್ಲೇನು?"

"ಪರೀಕ್ಷಾ ಮಾಡಾಕಂತ ನಿನಗ ಯಾರೂ ಹೇಳಲಿಲ್ಲೇನು?"

"ಬಾಟ್ಲಿ ತುಂಬು ಅಂದ್ರು, ತುಂಬಿದೆ. ಎರಡು ಸಲ ಬಾಟ್ಲಿ ತೊಳದು ತುಂಬೇನ್ರಿ."

ಮಾನ್ಯರೇ, ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನಾನು ಪ್ರಾಮಾಣಿಕವಾಗಿ ಪ್ರಯತ್ನಿಸಿ ಸೋತೆ. ಅತಿಥಿಗೆ ಕೊಡುವ ತಂಬಿಗೆಯನ್ನು ಬೆಳಗಿ ಕೊಡು ಎಂದು ಈ ಸೀಮೆಯ ಪ್ರತಿಯೊಬ್ಬ ತಾಯಿಯೂ ಹೇಳಿಕೊಡುತ್ತಾಳೆ. ಆ ಬಾಟಲಿ ಏತಕ್ಕೆಂದು ಹೇಳಿಕೊಡಬೇಕಾದವರು ತಾವು. ಇದನ್ನು ಸಂತಾಪ ಸಭೆಯ ಮುನ್ನಾದಿನ ತಮ್ಮ ಕಚೇರಿಗೇ ಬಂದು ತಿಳಿಸಿದಾಗ ತಾವು ಚಹಾ ತರಿಸಿದಿರಿ. ಮರುದಿನ ಕೆರೆಯ ವೀಕ್ಷಣಾ ಕಟ್ಟೆಗೆ ನನ್ನ ಮಗಳ ಹೆಸರು ಘೋಷಿಸಿದಿರಿ. ಸಭೆ ಮುಗಿದ ಮೇಲೆ ಕಾಲೊನಿ ಸಂಘದ ದುಂಡಪ್ಪನವರು ನನ್ನನ್ನು ಬಾಜೂಕ ಕರೆದು, "ಸರ, ಖರೇ ಹೊರಗ ಬಿದ್ರ ಬೀಗರ ಕೆರಿ ಯೋಜನಾ ಹೋಗತೈತಿ. ಯೋಜನಾ ಹೋದ್ರ ರಸ್ತಾ, ಲೈಟು, ಗಾರ್ಡನ್ನು ಎಲ್ಲಾ ಹೋಗತಾವು. ಹುಡುಗಿ ಹೆಸರರ ಉಳೀಲಿ ಬಿಡ್ರಿ" ಎಂದರು. ಅವರ ಮನೆಯ ನಲ್ಲಿಗೂ ಅದೇ ಬಾವಿಯ ನೀರು ಬರುತ್ತದೆ. ಅವರಿಗೆ ಇಬ್ಬರು ಮೊಮ್ಮಕ್ಕಳು.

ಆದ್ದರಿಂದ ನನ್ನ ಬೇಡಿಕೆ ಇದು. ಪಂಪ್‌ಹೌಸಿನ ಬಾಗಿಲಿನ ಕಾಗದವನ್ನು ತಾವೇ ಸ್ವಹಸ್ತದಿಂದ ಕಿತ್ತು, ಕುದಿಸದೆ ಕುಡಿಯಬೇಡಿರೆಂದು ಕನ್ನಡ ಮರಾಠಿ ಎರಡರಲ್ಲೂ ಬರೆಸಿ. ಬ್ಲೀಚಿಂಗ್ ಪೌಡರ್ ನಾಳೆಯಿಂದಲೇ ಬೀಳಲಿ. ಮೇಲಿನ ಗಲ್ಲಿಯವರನ್ನೂ ಕೊಟ್ಟಿಗೆಯವರನ್ನೂ ನಮ್ಮನ್ನೂ ಒಂದೇ ಜಮಖಾನೆಯ ಮೇಲೆ ಕೂರಿಸಿ ಆ ಗಟಾರದ ದಾರಿ ತಿರುಗಿಸಿ. ಮೂರು ದೇಶಗಳವರಿಗೆ ಸಾಧ್ಯವಾದದ್ದು ನಾಲ್ಕು ಗಲ್ಲಿಗಳಿಗೆ ಅಸಾಧ್ಯವೆ? ಕಟ್ಟೆಯಿಂದ ನನ್ನ ಮಗಳ ಹೆಸರನ್ನು ಅಳಿಸಿ. ಕಲ್ಲಯ್ಯನನ್ನು ಅಮಾನತು ಮಾಡುವ ಆಲೋಚನೆಯಿದ್ದರೆ, ಅವನ ಪರವಾಗಿ ಮೊದಲ ಸಾಕ್ಷಿ ನಾನೇ ಎಂಬುದನ್ನು ಗಮನಿಸಿ.

ನಮ್ಮಿಂದ ಕಲಿಯಲು ಬೀಗರ ಇಬ್ಬರು ವಿದ್ವಾಂಸರು ಬರುವ ತಿಂಗಳು ಬರುತ್ತಿದ್ದಾರೆಂದು ತಾವು ಸಭೆಯಲ್ಲಿ ಹೆಮ್ಮೆಯಿಂದ ಹೇಳಿದಿರಿ. ಅವರು ಏನೂ ತಿಳಿಯದೆ ಬರಬಾರದು. ಮೊನ್ನೆ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಗಟಾರ ಕೆರೆಯನ್ನು ಸೇರುವ ಮೂಲೆಯಲ್ಲಿ ಮೊಣಕಾಲುದ್ದ ಇಳಿದು ನಾನೇ ಒಂದು ಬಾಟಲಿ ತುಂಬಿದೆ. ಫಾರ್ಮನ್ನೂ ನಾನೇ ಬರೆದೆ. ಹಿಂದಿನ ಹನ್ನೊಂದು ಬಾಟಲಿಗಳ ನೀರು ಈ ಕೆರೆಯದಲ್ಲ, ಅದು ಯಾರ ದುರುದ್ದೇಶವೂ ಅಲ್ಲ, ಆದರೆ ಒಂದು ಸಾವು ಆಗಿದೆ ಎಂದು ಷರಾದಲ್ಲಿ ಬರೆದು ಪೂರ್ಣ ಸಹಿ ಮಾಡಿದೆ. ದುಂಡಪ್ಪನವರನ್ನು ಕೇಳಲಿಲ್ಲ, ಕಲ್ಲಯ್ಯನಿಗೆ ಹೇಳಲಿಲ್ಲ. ಕಾಶವ್ವನಿಗೂ ಇದು ಪತ್ರಿಕೆಯಿಂದಲೇ ತಿಳಿಯಬೇಕು. ಯೋಜನೆ ಹೋದರೆ ಹೊಣೆ ನನ್ನದೊಬ್ಬನದೇ. ಬಾಟಲಿ ಊರು ದಾಟಿದೆ.

ಇಂತಿ,
ತಮ್ಮ ಮುಂದಿನ ಸಮಾರಂಭಗಳಿಗೆ ಆಮಂತ್ರಣ ಬರಲಾರದೆಂದು ಬಲ್ಲ
ಗುರುಪುತ್ರಪ್ಪ
ಪೀರನವಾಡಿ, ನವೆಂಬರ್ 2000