ಅಂಗಿಯ ತೋಳು

ಮಂಗಳವಾರ, ಫೆಬ್ರವರಿ 5. ಬೆಳಿಗ್ಗೆ 5.10

ಟ್ಯಾಂಕರ್ ಬಿಸಿಯಾಗುತ್ತಿದೆ. ಇವತ್ತು ಹನ್ನೊಂದು ಫಾರ್ಮ್‌ಗಳ ಹಾಲು, ಎರಡು ಟ್ರಿಪ್. ಎಡಗೈ ಮಣಿಕಟ್ಟು ಇನ್ನೂ ಊದಿಕೊಂಡೇ ಇದೆ. ಗೇರ್ ಹಾಕುವಾಗೆಲ್ಲ ಕೀಂಗಿಯನ್ನು ಬೈದುಕೊಳ್ಳುತ್ತಿದ್ದೇನೆ.

ಹೋದ ಶನಿವಾರದ್ದು ಮರೆಯುವ ಹಾಗಿಲ್ಲ. ಕಾರುಗಳ ಟೀಮ್ ರೇಸಿನಲ್ಲಿ ಅವನು ಮುಂದೆ ಓಡಿಸಿ ಗೆಲ್ಲುವವನು, ನಾನು ಅಡ್ಡ ಹಾಕುವವಳು. ಅವನನ್ನು ಯಾರೂ ಮುಟ್ಟದ ಹಾಗೆ ಉಳಿದವರಿಗೆ ಗುದ್ದುವುದೇ ನನ್ನ ಕೆಲಸ. ಏಳು ವರ್ಷ ಗುದ್ದಿದ್ದೇನೆ. ಶನಿವಾರದ್ದು ಮಾತ್ರ ಟೀಮ್ ರೇಸಲ್ಲ, ಅವರವರ ಪಾಡು ಅವರಿಗೆ. ಕೊನೇ ಸುತ್ತು, ಮುಂದೆ ನಾನು. ಹಿಂದಿನಿಂದ ಬಂದು ಗುದ್ದು ಕೊಟ್ಟ ನೋಡು... ಕಾರಿನ ಸಮೇತ ಗೋಡೆಗೆ ಅಂಟಿಕೊಂಡೆ. ಸ್ಟಾಕ್‌ಕಾರ್ ಅಂದಮೇಲೆ ಗುದ್ದುವುದಕ್ಕೆ ಅನುಮತಿಯೇ ಇದೆ, ಒಪ್ಪುತ್ತೇನೆ. ಆದರೆ ನನಗೆ?

ಕಪ್ ಹಿಡಿದುಕೊಂಡು ಬಂದು ಹಲ್ಲು ಕಿರಿದ. “ಏನೇ ರೋಯಿ, ದಾರಿಗೆ ಅಡ್ಡ ನಿಲ್ಲೋದು ನಿಂಗೆ ಚಟ ಆಗೋಗಿದೆ ಕಣೇ.”

ಇವತ್ತು ಸಂಜೆ ಆರಕ್ಕೆ ಇಬ್ಬರಿಗೂ ಜೂಡೋ ಕ್ಲಾಸು. ಸಿಗಲಿ.

ಅದೇ ದಿನ, ರಾತ್ರಿ 8.15

ಕೈಗೆ ಐಸ್ ಕಟ್ಟಿಕೊಂಡು ಕೂತಿದ್ದೇನೆ.

ಜೂಡೋ ಕಲಿಸುವ ಡೊರೀನ್ ಟೀಚರ್ ಚಹಾಕ್ಕೆ ನೀರಿಡಲು ಒಳಗೆ ಹೋಗಿದ್ದರು. ಹಾಲ್‌ನಲ್ಲಿ ಕೀಂಗಿ, ನಾನು, ಇಬ್ಬರೇ. ಹೆಗಲ ಮೇಲಿಂದ ಎಸೆಯುವ ಪಟ್ಟು, ದಿನವೂ ಮಾಡುವಂಥದ್ದೇ. ಎಸೆದೆ. ಅವನ ತೋಳು ನನ್ನ ಎಡಗೈಯಿಂದ ಜಾರಿತು. ಮಣಿಕಟ್ಟಿನ ನೋವು, ಹಿಡಿತ ನಿಲ್ಲಲಿಲ್ಲ. ಮ್ಯಾಟಿನ ಅಂಚಿನಲ್ಲಿದ್ದೆವು. ಅವನ ತಲೆ ಹೊರಗಿನ ನೆಲದ ಹಲಗೆಗೆ ಬಡಿಯಿತು. ಧಪ್ ಅಂತ ಸದ್ದು.

ಎದ್ದು ನಕ್ಕ. ಆಮೇಲೆ ಇವತ್ತು ಯಾವ ವಾರ ಎಂದು ಕೇಳಿದ. ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದ. ಹಾಲ್ ಹಿಂದೆ ಹೋಗಿ ವಾಂತಿ ಮಾಡಿಕೊಂಡ. ತಲೆಗೆ ಪೆಟ್ಟು ಬಿದ್ದರೆ ಕ್ಲಬ್ಬಿನ ಡಾಕ್ಟರಿಗೆ ಹೇಳಬೇಕು, ಹೇಳಿದರೆ ಮೂರು ವಾರ ಕಾರಿಗೆ ಕೈ ಹಚ್ಚುವ ಹಾಗಿಲ್ಲ. ಬರುವ ಶನಿವಾರ ಟೀಮ್ ಫೈನಲ್.

“ಬಾಯಿ ಬಿಟ್ಟೆ ಅಂದ್ರೆ ನೋಡು,” ಎಂದ. “ಹೋದ ಶನಿವಾರ ನೀನು ಗೋಡೆಗೆ, ಇವತ್ತು ನಾನು ಹಲಗೆಗೆ. ಲೆಕ್ಕ ಚುಕ್ತಾ. ಆಯ್ತಾ?”

ಆಯ್ತು ಎಂದೆ.

ಗುರುವಾರ, ಫೆ. 7. ಸಂಜೆ

ಅಂಕಲ್ ನೇಪಿಯಾ ಮನೆಯಲ್ಲಿ ಊಟ. ಕೀಂಗಿಯ ದೊಡ್ಡಪ್ಪ, ಅವನನ್ನು ಸಾಕಿದವರು, ನಮ್ಮ ಟೀಮಿನ ನಾಲ್ಕೂ ಕಾರು ಕಟ್ಟಿದವರು. ಕುತ್ತಿಗೆ ಗಟ್ಟಿಯಾಗಲಿ, ಬೀಳುವುದನ್ನು ಕಲಿಯಲಿ ಎಂದು ನಮ್ಮಿಬ್ಬರನ್ನೂ ಜೂಡೋಗೆ ಸೇರಿಸಿದ್ದೂ ಅವರೇ. ಹಂದಿ ಎಲುಬು, ಸೊಪ್ಪು, ಗೆಣಸು ಬೇಯಿಸಿದ್ದರು. ಎರಡು ಸಲ ಬಡಿಸಿದರು. ಅಡ್ಡ ಹಾಕುವವಳು ದಪ್ಪ ಇರಬೇಕಂತೆ.

ಕೀಂಗಿ ದೀಪಕ್ಕೆ ಬೆನ್ನು ಹಾಕಿ ಕೂತಿದ್ದ. ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ನನಗೆ ಗೊತ್ತಾಯಿತು. ನನ್ನ ಕಡೆ ನೋಡಿದ. ನಾನು ತಟ್ಟೆ ನೋಡಿದೆ.

ಶನಿವಾರ, ಫೆ. 9. ಮಧ್ಯಾಹ್ನ 2.00

ಟ್ರ್ಯಾಕಿಗೆ ಹೊರಟಿದ್ದೇನೆ. ಬೆಟ್ಟ ನಿಚ್ಚಳವಾಗಿ ಕಾಣುತ್ತಿದೆ, ಮೋಡವಿಲ್ಲ. ಕೀಂಗಿಗೆ ಫೋನ್ ಮಾಡಿದೆ. ಪೂರ್ತಿ ಸರಿಹೋಗಿದೆ ಎಂದ. ಧ್ವನಿ ಚೆನ್ನಾಗಿಯೇ ಇತ್ತು. ಡಾಕ್ಟರ ನಂಬರ್ ತೆಗೆದೆ, ಮತ್ತೆ ಮುಚ್ಚಿದೆ. ಗೆದ್ದಮೇಲೆ ನಾನೇ ಕತ್ತು ಹಿಡಿದು ಕರೆದುಕೊಂಡು ಹೋಗುತ್ತೇನೆ...

ಗುರುವಾರ, ಫೆ. 14

ನಿನ್ನೆ ಕೀಂಗಿಯನ್ನು ಮಣ್ಣು ಮಾಡಿದೆವು.

ಶನಿವಾರ ಫೈನಲ್ಲಿನಲ್ಲಿ ಕೊನೆಯ ಎರಡು ಸುತ್ತು ಬಾಕಿ. ಅವನೇ ಮುಂದೆ. ಹಿಂದೆ ಬಂದವನನ್ನು ನಾನು ಒಳಗಿನ ಅಂಚಿಗೆ ತಳ್ಳಿಟ್ಟಿದ್ದೆ. ಯಾರೂ ಅವನನ್ನು ಮುಟ್ಟಿರಲಿಲ್ಲ. ತಿರುವು ಬಂತು. ಅವನು ತಿರುಗಿಸಲಿಲ್ಲ. ಬ್ರೇಕಿಲ್ಲ, ಜಾರುವುದಿಲ್ಲ, ಏನೂ ಇಲ್ಲ. ನೆಟ್ಟಗೆ ಗೋಡೆಗೇ ಹೋದ, ಆಚೆ ಅವನಿಗೆ ರಸ್ತೆ ಇದ್ದ ಹಾಗೆ. ನನ್ನ ಕಾರನ್ನು ಅವನದಕ್ಕೆ ಅಡ್ಡ ತಂದು ನಿಲ್ಲಿಸಿದೆ, ಹಿಂದಿನವರು ಬಂದು ಬಡಿಯದಿರಲಿ ಎಂದು. ಅದು ನನ್ನ ಕೆಲಸ. ಭಾನುವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಹೋದ. ತಲೆಗೆ ಪೆಟ್ಟು ಎಂದು ಬರೆದರು. ಯಾವ ದಿನದ ಪೆಟ್ಟು ಎಂದು ಯಾರೂ ಕೇಳಲಿಲ್ಲ.

ಮೂರು ದಿನ ನಮ್ಮ ಕುಲದವರು ಸೇರುವ ಮರಾಯೆಯ ದೊಡ್ಡಮನೆಯಲ್ಲಿ ಮಲಗಿಸಿದ್ದೆವು, ಪೆಟ್ಟಿಗೆ ತೆರೆದೇ. ಸತ್ತವನ ಮುಖ ನೋಡಿಕೊಂಡೇ ಮಾತಾಡುವುದು ನಮ್ಮ ಪದ್ಧತಿ. ಬೈಯಬಹುದು, ಜಗಳವಾಡಬಹುದು, ಉಳಿದುಹೋದದ್ದನ್ನೆಲ್ಲ ಹೇಳಬಹುದು. ಎಲ್ಲರೂ ಹೇಳಿದರು. ಶಾಲೆಯ ಅಡುಗೆಯವಳು ಕೂಡ, ಕದ್ದು ತಿಂದ ಬಿಸ್ಕತ್ತಿನ ವಿಷಯ ತೆಗೆದು ನಗಿಸಿ ಅಳಿಸಿದಳು. ನನ್ನ ಸರದಿ ಬಂದಾಗ ಹತ್ತಿರ ಕೂತೆ. ಹಣೆಯನ್ನಷ್ಟೇ ಮುಟ್ಟಿ ಎದ್ದು ಬಂದೆ.

ಅಂಕಲ್ ನೇಪಿಯಾ ಕೊನೆಗೆ ಎದ್ದರು. “ಮಗಾ, ಸ್ಟೀರಿಂಗ್ ಪಿನ್ನು ನಾನೇ ಕೈಯಾರೆ ಹಾಕಿದ್ದು. ಮುರಿದಿದೆ. ಇನ್ಯಾರನ್ನ ದೂರ್ಲಿ ನಾನು,” ಎಂದರು. ಅವರ ದನಿ ಒಡೆಯಲಿಲ್ಲ. ಅದಕ್ಕೇ ತಡೆಯಲಾಗಲಿಲ್ಲ ನನಗೆ.

ಮಂಗಳವಾರ, ಮಾರ್ಚ್ 5

ಟ್ಯಾಂಕರ್ ಓಡಿಸುವ ಹಾವೆರಾ ರಸ್ತೆಯಲ್ಲಿ ಇಪ್ಪತ್ತಮೂರು ತಿರುವು. ಪ್ರತಿಯೊಂದರಲ್ಲೂ ಬಾಯಲ್ಲಿ “ತಿರುಗಿಸೋ” ಎಂದು ಬರುತ್ತದೆ. ತಿರುಗಿಸುತ್ತಿರುವವಳು ನಾನೇ. ಕೇಳಿಸಿಕೊಳ್ಳಬೇಕಾದವನು ಮಾತ್ರ ಪಕ್ಕದಲ್ಲೇ ಇದ್ದಾನೆ. ಕಾಣುವುದಿಲ್ಲ. ಸೀಟು ತಗ್ಗಿರುವುದು ಗೊತ್ತಾಗುತ್ತದೆ.

ಕ್ಲಬ್ಬಿನ ಪರೀಕ್ಷಕರು ಬಂದು ಹೋದರಂತೆ. ಪಿನ್ನು ಮುರಿದು ಕಾರು ಬಡಿಯಿತೋ, ಕಾರು ಬಡಿದು ಪಿನ್ನು ಮುರಿಯಿತೋ — ಹೇಳಲಾಗದು ಎಂದರಂತೆ. ಪಿನ್ನೇ ಮೊದಲು ಮುರಿದಿರಲಿ ಎಂದು ಬೇಡಿಕೊಂಡೆ. ಹೌದು, ಬೇಡಿಕೊಂಡೆ. ಅಂಥವಳು ನಾನು.

ಮಂಗಳವಾರ, ಮಾರ್ಚ್ 26. ರಾತ್ರಿ ಊಟಕ್ಕೆ ಮುಂಚೆ

ಡೊರೀನ್ ಟೀಚರ್ ಬಲವಂತವಾಗಿ ಮ್ಯಾಟಿಗೆ ಇಳಿಸಿದರು. ಅವರ ಮೊದಲ ದಿನದ ಪಾಠ ಇವತ್ತೂ ಅದೇ: ಎಸೆದವರು ತೋಳು ಬಿಡಬಾರದು, ಬೀಳುವವರ ತಲೆ ಅವರ ಕೈಯಲ್ಲಿರುತ್ತದೆ. ತೋಳು ಎಳೆದು ಹಿಡಿದರೆ ಬೆನ್ನು ಮೊದಲು ನೆಲಕ್ಕೆ ಹೋಗುತ್ತದೆ, ತಲೆಯಲ್ಲ.

ಸಾಲಿ ಜೊತೆಗೆ ಹಾಕಿದರು, ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಎಸೆದೆ. ಚೆನ್ನಾಗಿ ಬಿದ್ದಳು. ಆದರೆ ನನ್ನ ಕೈ ಅವಳ ತೋಳನ್ನು ಬಿಡಲಿಲ್ಲ. ಅವಳು ಎದ್ದಳು, ಆಗಲೂ ಹಿಡಿದೇ ಇದ್ದೆ. ಮೊದಲು ನಕ್ಕಳು. ಆಮೇಲೆ ನಗು ನಿಂತಿತು. “ಬಿಡೇ ಮಾರಾಯ್ತಿ, ನೋಯ್ತಿದೆ,” ಎಂದಳು. ಟೀಚರ್ ಬಂದು ಬೆರಳು ಬಿಡಿಸಿದರು. ಕೀಂಗಿ ಅಂಗಿ ನೇತುಹಾಕುತ್ತಿದ್ದ ಗೂಟ ಖಾಲಿ ಇತ್ತು. ಆ ಕಡೆಯಿಂದ ಒಂದು ಸಲ ಧಪ್ ಎಂದಿತು. ಯಾರೂ ತಿರುಗಿ ನೋಡಲಿಲ್ಲ.

ಮಂಗಳವಾರ, ಏಪ್ರಿಲ್ 16. ಸಂಜೆ 7.00

ಅಂಕಲ್ ಬಂದಿದ್ದರು. ಕೈಯಲ್ಲಿ ಕೀಂಗಿಯ ಜೂಡೋ ಅಂಗಿ, ಒಗೆದು ಇಸ್ತ್ರಿ ಹಾಕಿದ್ದು. ನೀನೇ ಇಟ್ಟುಕೋ ಎಂದರು. ಇಳಿದುಹೋಗಿದ್ದಾರೆ. ಬೆಲ್ಟಿಗೆ ಹೊಸ ತೂತು ಕೊರೆದಿದ್ದಾರೆ. ಅವರು ಕಟ್ಟಿದ ಕಾರುಗಳನ್ನು ಟೀಮಿನ ಇಬ್ಬರು ಹುಡುಗರು ವಾಪಸ್ ತಂದು ಬಿಟ್ಟುಹೋದರಂತೆ, ಒಂದು ಮಾತೂ ಆಡದೆ. ಶೆಡ್ಡಿಗೆ ಬೀಗ ಹಾಕಿದ್ದಾರೆ. ಆ ಮುರಿದ ಪಿನ್ನು ಅವರ ಜೇಬಿನಲ್ಲೇ ಇದೆ. ಮಾತಾಡುವಾಗೆಲ್ಲ ಕೈ ಅಲ್ಲಿಗೇ ಹೋಗುತ್ತದೆ.

ಬಾಗಿಲ ಹತ್ತಿರ ನಿಂತು ಕೇಳಿದರು. “ಒಗೆಯೋವಾಗ ವಾಂತಿ ವಾಸ್ನೆ ಬಂತು ಕಣಮ್ಮ. ಆ ಮಂಗಳವಾರ ಅವನಿಗೆ ಹುಷಾರಿರ್ಲಿಲ್ವಾ?”

ನಿಜ ಹೇಳಿಬಿಡಲು ದೇವರೇ ಎದುರಿಗೆ ಬಂದು ಬಾಗಿಲು ತೆರೆದ ಹಾಗೆ. ಆದರೂ, ಮಧ್ಯಾಹ್ನ ಹಳಸಿದ ಮಾಂಸದ ಪೈ ತಿಂದಿದ್ದ ಎಂದೆ. ತಲೆಯಾಡಿಸಿದರು. ಹೋಗಿ ಕಾರಿನಲ್ಲಿ ಕೂತು ಬಹಳ ಹೊತ್ತು ಸ್ಟಾರ್ಟ್ ಮಾಡಲಿಲ್ಲ.

ಫೆಬ್ರವರಿ ಐದರ ಪುಟ ತೆಗೆದು ಓದಿದೆ. ‘ಜಾರಿತು’ ಎಂದು ಬರೆದಿದ್ದೇನೆ. ಮಣಿಕಟ್ಟಿನ ನೋವು, ಹಿಡಿತ ನಿಲ್ಲಲಿಲ್ಲ ಎಂದೂ ಬರೆದಿದ್ದೇನೆ. ಸುಳ್ಳು. ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆದಿದ್ದೇನೆ. ಹಿಡಿತ ಗಟ್ಟಿಯಾಗಿತ್ತು. ಅವನು ಗಾಳಿಯಲ್ಲಿದ್ದಾಗ ಗೋಡೆ ನೆನಪಾಯಿತು, ಕಪ್ ನೆನಪಾಯಿತು, ಆ ಕಿರಿದ ಹಲ್ಲು ನೆನಪಾಯಿತು. ಬೆರಳು ಬಿಚ್ಚಿದೆ. ಸಾಯಲಿ ಎಂದಲ್ಲ. ಒಂದು ಸಲ ನೋಯಲಿ ಎಂದು.

ಅದು ಅವನಿಗೂ ಗೊತ್ತಿತ್ತು. ಲೆಕ್ಕ ಚುಕ್ತಾ ಎಂದನಲ್ಲ.

ಭಾನುವಾರ, ಮೇ 26

ಬರುವ ಶನಿವಾರ ಬೆಳಿಗ್ಗೆ ಹತ್ತಕ್ಕೆ ಕ್ಲಬ್ಬಿನಲ್ಲಿ ವಿಚಾರಣೆ. ಅಂಕಲ್ ಎದ್ದು ನಿಂತು ತಪ್ಪು ತಮ್ಮದೇ ಎಂದು ಹೇಳಿ, ಕಾರು ಕಟ್ಟುವ ಲೈಸೆನ್ಸ್ ವಾಪಸ್ ಕೊಡುತ್ತಾರಂತೆ. ಡೊರೀನ್ ಟೀಚರ್ ಹೇಳಿದರು. ನಲವತ್ತೊಂದು ವರ್ಷದ ಕೆಲಸ. ಆ ಕೈಗಳಲ್ಲಿ ಇನ್ನೇನು ಉಳಿಯುತ್ತದೆ?

ನಾನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆ ಹಾಲ್‌ನಲ್ಲಿ ಇದ್ದದ್ದು ಇಬ್ಬರು. ಒಬ್ಬ ಮಾತಾಡುವುದಿಲ್ಲ. ಆದರೆ ವಾರದ ಆರು ದಿನವೂ ಟ್ಯಾಂಕರಿನಲ್ಲಿ ಪಕ್ಕದಲ್ಲೇ ಕೂರುತ್ತಾನೆ. ಹೆದರಿಸುವುದಿಲ್ಲ. ಕಾಯುತ್ತಾನೆ. ಅದೇ ಕಷ್ಟ.

ಅವನ ಅಂಗಿ ತೆಗೆದು ಎಡತೋಳು ನೋಡಿದೆ, ಬಲತೋಳು ನೋಡಿದೆ. ಬಲತೋಳು ಮೊಣಕೈ ಕೆಳಗೆ ಸವೆದಿದೆ. ಏಳು ವರ್ಷ ನಾನು ಹಿಡಿದ ಜಾಗ.

ಶನಿವಾರ, ಜೂನ್ 1. ಬೆಳಿಗ್ಗೆ 9.35. ಕ್ಲಬ್ಬಿನ ಹೊರಗೆ, ಕಾರಿನಲ್ಲಿ

ಏಳೂವರೆಗೆ ಅಂಕಲ್ ಮನೆಗೆ ಹೋದೆ. ಶೆಡ್ಡಿನ ಬೀಗ ತೆಗೆದಿತ್ತು. ಒಳಗೆ ಬೆಂಚಿನ ಮುಂದೆ ನಿಂತಿದ್ದರು, ಹಳೇ ಕೋಟು ಹಾಕಿಕೊಂಡು. ವಿಚಾರಣೆಗೆ ಹೊರಡಲು ತಯಾರಾಗಿದ್ದರು. ಬಾಗಿಲಲ್ಲೇ ನಿಂತು ಹೇಳಿದೆ. ಗೋಡೆಯಿಂದ ಶುರುಮಾಡಿ ವಾಂತಿಯವರೆಗೆ. ಹಳಸಿದ ಪೈ ಸುಳ್ಳು ಎಂದೂ ಹೇಳಿದೆ. ಎಷ್ಟು ಹೊತ್ತಾಯಿತೋ.

ಅವರು ಬೈಯಲಿಲ್ಲ. “ಗುರುವಾರ ನನ್ ಮನೇಲಿ ಊಟ ಮಾಡ್ದೆ,” ಎಂದರು. “ಎರಡ್ ಸಲ ಬಡಿಸ್ದೆ ನಿಂಗೆ.”

ಹೌದು ಅಂಕಲ್ ಎಂದೆ.

ಆಮೇಲೆ ಬಲಗೈ ಮುಂದೆ ಚಾಚಿದರು. “ತೋರ್ಸು. ಎಲ್ಲಿ ಹಿಡೀತಾರೆ?”

ಕೋಟಿನ ತೋಳು ಹಿಡಿದೆ, ಮೊಣಕೈ ಕೆಳಗೆ. ಇಲ್ಲಿ ಹಿಡಿದರೆ ಬೀಳುವಾಗ ಬೆನ್ನು ಮೊದಲು ಹೋಗುತ್ತದೆ, ತಲೆ ಮೇಲೇ ಉಳಿಯುತ್ತದೆ ಎಂದೆ. ಅವರು ನನ್ನ ಕೈಯನ್ನೇ ನೋಡಿದರು, ಯಾವುದೋ ಬಿರುಕು ಹುಡುಕುವವರ ಹಾಗೆ. ಇಷ್ಟೇನಾ ಎಂದು ಕೇಳಿದರು. ಇಷ್ಟೇ ಎಂದೆ. ಅಷ್ಟು ಹೇಳುವಾಗ ಅಳು ಬಂತು, ಅಲ್ಲಿಯತನಕ ಬಂದಿರಲಿಲ್ಲ.

“ಈಗ ಬಿಡು,” ಎಂದರು.

ಬಿಡಲಾಗಲಿಲ್ಲ. ಬೆರಳು ಸೆಟೆದುಕೊಂಡಿದ್ದವು. ಅವರೇ ಒಂದೊಂದಾಗಿ ಬಿಡಿಸಿದರು, ಮೆತ್ತಗೇನೂ ಅಲ್ಲ. ಆಮೇಲೆ ಜೇಬಿನಿಂದ ಪಿನ್ನು ತೆಗೆದು ಬೆಂಚಿನ ಮೇಲಿಟ್ಟರು. ಕೈ ಮತ್ತೊಮ್ಮೆ ಜೇಬಿಗೆ ಹೋಯಿತು, ಖಾಲಿ ಜೇಬು ಮುಟ್ಟಿ ಕೆಳಗಿಳಿಯಿತು. ತಿರುಗಿ ನೋಡದೆ, ಇದನ್ನು ನನಗಲ್ಲ, ಅಲ್ಲಿ ಎಲ್ಲರ ಮುಂದೆ ಹೇಳು ಎಂದು ಹೇಳಿ ಹೊರಟರು. ನನ್ನ ಕಾರು ಹತ್ತಲಿಲ್ಲ.

9.52

ಒಳಗೆ ಕುರ್ಚಿ ಎಳೆಯುವ ಸದ್ದು. ಅಂಕಲ್ ಮೊದಲ ಸಾಲಿನಲ್ಲಿ ಕೂತಿದ್ದಾರೆ, ಕಿಟಕಿಯಿಂದ ಬೆನ್ನು ಕಾಣುತ್ತದೆ. ಪಕ್ಕದ ಕುರ್ಚಿ ಖಾಲಿ ಇದೆ. ನನಗೆ ಬಿಟ್ಟದ್ದೋ, ಅವನಿಗೋ ಗೊತ್ತಿಲ್ಲ.

ಇಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಇವತ್ತು ಯಾರೂ ಇಲ್ಲ.

ಎದ್ದು ನಿಂತರೆ ಬಾಯಿ ಕಟ್ಟೀತು, ಅದಕ್ಕೇ ಮೊದಲ ಮಾತು ಬರೆದಿಟ್ಟುಕೊಳ್ಳುತ್ತೇನೆ. ನೋಡಿಕೊಂಡಾದರೂ ಓದುತ್ತೇನೆ.

ಫೆಬ್ರವರಿ ಐದು, ಮಂಗಳವಾರ ಸಂಜೆ, ಕೀಂಗಿಯ ತೋಳು ನನ್ನ ಕೈಯಿಂದ ಜಾರಲಿಲ್ಲ. ನಾನೇ ಬಿಟ್ಟೆ.