ಕೆಂಪು ಬಾಲದ ಮೇಲಿನ ಹೊಲಿಗೆ

ಮನೆ,
ತಾ. ೧೪, ಮಂಗಳವಾರ, ಮಧ್ಯಾಹ್ನ

ಬಂಗಾರದಂಥ ನನ್ನ ಮಗಳಿಗೆ,

ಹೇಗಿದ್ದೀಯೇ ಕಂದಾ? ಹಡಗಿನ ಓಲಾಟಕ್ಕೆ ಹೊಟ್ಟೆ ತೊಳಸುವುದು ಈಗಲಾದರೂ ನಿಂತಿದೆಯೋ, ಇಲ್ಲ ಇನ್ನೂ ಬಕೆಟ್ ತಬ್ಬಿಕೊಂಡೇ ಮಲಗುತ್ತೀಯೋ? ಕಳೆದ ಕಾಗದದಲ್ಲಿ ಬೆರಳು ಸುಟ್ಟುಕೊಂಡೆ ಎಂದು ಒಂದೇ ಸಾಲು ಬರೆದು ಮುಂದಕ್ಕೆ ಹಾರಿಬಿಟ್ಟಿದ್ದೀಯ. ಯಾವ ಬೆರಳು, ಎಷ್ಟು ಸುಟ್ಟಿದೆ, ಮುಲಾಮು ಹಚ್ಚುತ್ತಿದ್ದೀಯೋ ಇಲ್ಲವೋ, ಒಂದೂ ಇಲ್ಲ. ಸಮುದ್ರದ ತಳಕ್ಕೆ ಹಾಸುವ ಕೇಬಲ್ಲುಗಳನ್ನು ಬೆಸೆಯುವವಳಿಗೆ ಅಮ್ಮನಿಗಾಗಿ ನಾಲ್ಕು ಸಾಲು ಬೆಸೆಯುವುದು ಅಷ್ಟು ಕಷ್ಟವೇ? ಮುಂದಿನ ಬಂದರು ಸಿಕ್ಕ ಕೂಡಲೇ ಸರಿಯಾಗಿ ಬರೆ. ನಾನು ಆರೋಗ್ಯವಾಗಿದ್ದೇನೆ. ಅಪ್ಪನಿಗೂ ಜೀವಕ್ಕೇನೂ ತೊಂದರೆಯಿಲ್ಲ, ಮೂಳೆ ಮುರಿದಿಲ್ಲ. ನಿನ್ನ ಎದೆ ಧಸಕ್ ಅನ್ನಬಾರದೆಂದು ಇದನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ಇನ್ನು ಒಂದು ಕಡೆ ಕುಳಿತು ಓದು.

ನೀನು ಹೊರಟಾಗ ಅಪ್ಪ ಹೇಗಿದ್ದರೆಂದು ನಿನಗೇ ಗೊತ್ತು. ಮೂವತ್ತೊಂದು ವರ್ಷ ಬಂದರಿನ ಕ್ರೇನಿನ ಮೇಲೆ ಕೂತು, ಮನೆಯಷ್ಟು ದೊಡ್ಡ ಪೆಟ್ಟಿಗೆಗಳನ್ನು ಮೊಟ್ಟೆ ಇಟ್ಟ ಹಾಗೆ ಇಳಿಸುತ್ತಿದ್ದ ಮನುಷ್ಯ. ಎಡಗಣ್ಣು ಮಂಜಾಯಿತು, 'ನಿಮಗೆ ಹತ್ತಿರ ಯಾವುದು ದೂರ ಯಾವುದು ಅಂತ ಅಂದಾಜು ಸಿಗಲ್ಲ' ಎಂದು ಡಾಕ್ಟರು ಬರೆದುಕೊಟ್ಟರು, ಮುಗಿಯಿತು. ನೀನು ಹೋದ ಮೇಲೆ ಇನ್ನೂ ಹದಗೆಟ್ಟಿತು. ಬೆಳಿಗ್ಗೆ ಬಾಲ್ಕನಿಯ ಕುರ್ಚಿಯಲ್ಲಿ ಕೂತರೆ ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ. ಲೋಟಕ್ಕೆ ನೀರು ಬಗ್ಗಿಸುವಾಗ ಹೊರಗೆ ಚೆಲ್ಲಿದರೆ ಲೋಟವನ್ನೇ ತಳ್ಳಿಬಿಡುತ್ತಿದ್ದರು. ಬಾಯಿಗೆ ಬೀಗ. ನನಗೆ ಆಗ ಏನು ಭಯವಿತ್ತೆಂದು ಬಾಯಿಬಿಟ್ಟೇ ಹೇಳುತ್ತೇನೆ: ಈ ಮನುಷ್ಯ ಆ ಕುರ್ಚಿಯಲ್ಲಿಯೇ ಒಣಗಿ ಹೋಗುತ್ತಾರೆ ಅನ್ನಿಸಿತ್ತು. ಅಷ್ಟರಲ್ಲಿ ನಿನ್ನ ಕಾಗದ ಬಂತು. 'ಅಪ್ಪಂಗೆ ಒಂದು ಪವರ್ ಕೈಟ್ ಕೊಡಿಸಮ್ಮ. ಎರಡೂ ಕೈಲಿ ದಾರ ಹಿಡಿದು ಹಾರಿಸೋ ದೊಡ್ಡ ಗಾಳಿಪಟ, ಹೊಸಬರಿಗೆ ಅಂತಲೇ ಇರೋದು. ದುಬಾರಿದು ಬೇಡ, ಆದ್ರೆ ಬಾಳಿಕೆ ಬರಬೇಕು. ಗಾಳಿ ಅಂದ್ರೆ ಏನಂತ ಅವ್ರಿಗೆ ನಾವು ಹೇಳಿಕೊಡಬೇಕಾ?' ಓದಿ ನನಗೆ ನಗು ಬಂತು. ಅರವತ್ತರ ಗಂಡಸಿಗೆ ಗಾಳಿಪಟವೇ! ಆದರೆ ಕಾಗದವನ್ನು ಜೋರಾಗಿ ಓದಿದಾಗ ಅವರು ಆರು ವಾರದಲ್ಲಿ ಮೊದಲ ಸಲ ಕತ್ತು ತಿರುಗಿಸಿ ನನ್ನನ್ನು ನೋಡಿದರು. ಮಾರನೆಯ ದಿನವೇ ಅಂಗಡಿಗೆ ಹೊರಟೆವು.

ದಂಡೆಯ ರಸ್ತೆಯಲ್ಲಿ ಈಜುಡುಗೆ, ಅಲೆಯ ಮೇಲೆ ಜಾರುವ ಹಲಗೆ, ಗಾಳಿಪಟ ಮಾರುವ ಅಂಗಡಿ ಇದೆಯಲ್ಲ, ಅಲ್ಲಿಗೆ. ಅಂಗಡಿಯಾಕೆ ಹುಬ್ಬಿನ ಮೇಲೆ ಹಳೆಯ ಗಾಯದ ಗುರುತಿರುವ, ಬಿಸಿಲಿಗೆ ಕೆಂಪಾದ ಗಟ್ಟಿಗಿತ್ತಿ. ಮೂರು ಪಟ ತೆಗೆದು ಹಾಸಿದಳು. ಮೊದಲನೆಯದು ತೀರಾ ಅಗ್ಗ. ನಾನು ಟಾರ್ಪಾಲು, ಟೆಂಟು ಹೊಲಿದು ಮನೆ ನಡೆಸಿದವಳಲ್ಲವೇ, ಅದರ ಅಂಚನ್ನು ಮುಟ್ಟಿದ ಕೂಡಲೇ ಗೊತ್ತಾಯಿತು: ಒಂಟಿ ಹೊಲಿಗೆ, ಟಾಕುಗಳು ಅಗಲ ಅಗಲ, ದಾರ ಕಟ್ಟುವ ಮೂಲೆಗೆ ಒಂದು ತುಂಡು ಬಟ್ಟೆಯ ಆಸರೆಯೂ ಇಲ್ಲ. ಬಟ್ಟೆಗೆ ಬಾಯಿಟ್ಟು ಊದಿದೆ, ಗಾಳಿ ಆಚೆ ಕಡೆ ಅಪ್ಪನ ಕೈಗೆ ತಗುಲಿತು. ಬೇಡ ಎಂದೆ. ಎರಡನೆಯದು ಮೂರು ಮೀಟರ್ ಅಗಲ, ನಾಲ್ಕು ದಾರದ್ದು, ಅರ್ಧ ಬೆಲೆಗೆ ಇಟ್ಟಿದ್ದರು. ಅಪ್ಪನ ಕಣ್ಣು ಅದರ ಮೇಲೆಯೇ. ಅಂಗಡಿಯಾಕೆ ಅದನ್ನು ಅವರ ಕೈಯಿಂದ ಕಿತ್ತುಕೊಂಡಂತೆ ತೆಗೆದುಕೊಂಡು, 'ಮೊದಲ ವರ್ಷ ಎರಡು ಮೀಟರ್ ದಾಟಬೇಡಿ ಸಾರ್. ಇದು ನಿಮ್ಮನ್ನ ಎತ್ತಿಕೊಂಡು ಹೋಗತ್ತೆ' ಎಂದಳು. ಮೂರನೆಯದು ಎರಡು ಮೀಟರಿಗೆ ಒಂದು ಗೇಣು ಕಡಿಮೆ, ಎರಡೇ ದಾರ. ಕಡ್ಡಿಯೇ ಇಲ್ಲ, ಆದ್ದರಿಂದ ಮುರಿಯುವ ಮಾತೂ ಇಲ್ಲ. ದಿಂಬಿನ ಗಲೀಫುಗಳನ್ನು ಸಾಲಾಗಿ ಜೋಡಿಸಿದಂಥ ಖಾನೆಗಳು, ಅದರೊಳಗೆ ಗಾಳಿ ತುಂಬಿಕೊಂಡು ರೆಕ್ಕೆಯಾಗುತ್ತದೆ. ಚೌಕುಳಿ ನೆಯ್ಗೆಯ ನೈಲಾನ್, ಒಂದು ಕಡೆ ಹರಿದರೂ ಹರಕು ಮುಂದಕ್ಕೆ ಓಡುವುದಿಲ್ಲ. ಜೋಡಿ ಹೊಲಿಗೆ, ಮೂಲೆಗಳಿಗೆ ಮೂರು ಪದರ. ಊದಿ ಊದಿ ನನಗೇ ತಲೆ ಸುತ್ತಿತೇ ಹೊರತು ಗಾಳಿ ಆಚೆ ದಾಟಲಿಲ್ಲ. ಹೋದ ವರ್ಷದ ಬಣ್ಣವಾದ್ದರಿಂದ ಬೆಲೆ ಇಳಿಸಿದ್ದರು. ಬಣ್ಣಕ್ಕೇನು, ಅಪ್ಪ ಅದನ್ನು ಉಡುವುದಿದೆಯೇ? ಅದನ್ನೇ ತೆಗೆದುಕೊಂಡೆವು. ದಾರದ ತುದಿಯ ಕೈಪಟ್ಟಿಗಳನ್ನು ತೋರಿಸುತ್ತ ಅಂಗಡಿಯಾಕೆ ಅಪ್ಪನಿಗೆ ಏನೋ ಹೇಳುತ್ತಿದ್ದಳು. ನಾನು ಆಗ ಇನ್ನೊಂದು ಪಟದ ಹೊಲಿಗೆ ಎಣಿಸುವುದರಲ್ಲಿ ಮುಳುಗಿದ್ದೆ. ಹಾಳಾದ ಕುತೂಹಲ ನನ್ನದು.

ಇನ್ನು ನಾನು ಮಾಡಿದ ಘನಕಾರ್ಯವನ್ನು ಕೇಳು. ಮನೆಗೆ ಬಂದು ಪಟದ ಒಂದೊಂದೇ ಹೊಲಿಗೆಯನ್ನು ತಪಾಸಣೆ ಮಾಡಿದೆ. ಎಲ್ಲವೂ ಚೊಕ್ಕವಾಗಿತ್ತು, ಕೈಪಟ್ಟಿಯ ಒಂದು ಜಾಗ ಬಿಟ್ಟು. ಮಣಿಕಟ್ಟಿಗೆ ಹಾಕುವ ಪಟ್ಟಿ ದಾರಕ್ಕೆ ಸೇರುವ ಕಡೆ ಹೊಲಿಗೆಯೇ ಇರಲಿಲ್ಲ. ಬರೀ ವೆಲ್ಕ್ರೋ ಮಡಿಕೆ, ಅದರಿಂದ ಜೋತುಬಿದ್ದ ಬೆರಳುದ್ದದ ಕೆಂಪು ಬಾಲ. ಶಾಲೆಯ ಚೀಲಗಳಿಗೆ ಇಂಥ ವೆಲ್ಕ್ರೋ ಹಾಕಿಕೊಟ್ಟು ಮೂರೇ ತಿಂಗಳಿಗೆ ಕಿತ್ತುಬಂದದ್ದನ್ನು ಎಷ್ಟು ಕಂಡಿದ್ದೇನೆ! ಇಷ್ಟು ಒಳ್ಳೆಯ ಪಟಕ್ಕೆ ಇಂಥ ಕಳ್ಳಗೆಲಸವೇ ಎಂದು ಮೈಯೆಲ್ಲ ಉರಿಯಿತು. ಮೇಣ ಸವರಿದ ಟಾರ್ಪಾಲಿನ ದಾರ ತೆಗೆದು, ಎರಡೂ ಪಟ್ಟಿಗಳ ಆ ಮಡಿಕೆಯ ಮೇಲೆ ಅಡ್ಡ ನಾಲ್ಕು ಸಾಲು ಓಡಿಸಿದೆ. ಬಾಲದ ಬುಡವನ್ನೂ ಸೇರಿಸಿ ಹೊಲಿದೆ, ತುದಿಯನ್ನು ಮಾತ್ರ ಅಂದಕ್ಕಿರಲಿ ಎಂದು ಬಿಟ್ಟೆ. ಕಪ್ಪು ಪಟ್ಟಿಯ ಮೇಲೆ ಕಪ್ಪು ದಾರ, ನನಗೇ ಕಾಣದಷ್ಟು ನಾಜೂಕು. ಅಪ್ಪನಿಗೆ ತೋರಿಸಲು ಹೋದರೆ, 'ನಿನ್ನ ಹೊಲಿಗೇನ ನೋಡೋದೇನಿದೆ ಬಿಡೇ' ಎಂದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಆ ಬಾಲ ಇದ್ದದ್ದೇ ಎಳೆದು ಬಿಡಿಸಿಕೊಳ್ಳಲು ಕಣೇ. ಪಟ ಕೈಮೀರಿದರೆ ಒಂದೇ ಜಗ್ಗಿಗೆ ಪಟ್ಟಿ ದಾರದಿಂದ ಕಳಚಿ, ಪಟ ಅದರ ಪಾಡಿಗೆ ಬಿದ್ದುಹೋಗಬೇಕು. ಇದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಮೊದಲ ಹನ್ನೆರಡು ದಿನ ಹೇಗಿದ್ದವೆಂದು ಬರೆಯಲು ಈಗ ಕೈ ಬರುತ್ತಿಲ್ಲ, ಆದರೂ ನೀನು ತಿಳಿಯಬೇಕು. ಗಾಳಿ ಹಗುರವಾಗಿತ್ತು. ಸಂಜೆ ನಾಲ್ಕಕ್ಕೆಲ್ಲ ಚೀಲ ಹೆಗಲಿಗೇರಿಸಿ ನನಗಿಂತ ಮುಂದೆ ನಡೆಯುತ್ತಿದ್ದರು. ನಾನು ಅಂಗಿಗಳಿಗೆ ಗುಂಡಿಯ ಕಾಜಾ ಹಾಕುವ ಕೈಗೆಲಸ ತೆಗೆದುಕೊಂಡು ಹೋಗಿ ಮರಳಿನ ಮೇಲೆ ಕೂರುತ್ತಿದ್ದೆ. ಬಲಗೈ ಎಳೆದರೆ ಬಲಕ್ಕೆ, ಎಡಗೈ ಎಳೆದರೆ ಎಡಕ್ಕೆ. ಮೂರನೆಯ ದಿನಕ್ಕೆ ಆಕಾಶದಲ್ಲಿ ಎಂಟರ ಅಂಕೆ ಬರೆದರು. ಕಣ್ಣಿಗಿಂತ ಕೈಗೆ ಹೆಚ್ಚು ಗೊತ್ತಾಗುತ್ತದಂತೆ, ದಾರದಲ್ಲಿ ಗಾಳಿ ಮಾತಾಡುತ್ತದಂತೆ. ಮನೆಗೆ ಬಂದು ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದರು. ಒಂದು ದಿನ ಸ್ನಾನದ ಮನೆಯಲ್ಲಿ ಶಿಳ್ಳೆ ಹೊಡೆಯುವುದು ಕೇಳಿ ನಾನು ಒಲೆ ಆರಿಸಿ ನಿಂತುಕೊಂಡೆ.

ಭಾನುವಾರ ಗಾಳಿ ಬೇರೆಯೇ ಇತ್ತು. ಅವರೂ ಅದನ್ನು ಗಮನಿಸಿದ್ದರು. 'ಇನ್ನು ಐದು ನಿಮಿಷ, ಆಮೇಲೆ ಇಳಿಸಿಬಿಡ್ತೀನಿ' ಎಂದು ನನ್ನತ್ತ ಕೂಗಿ ಹೇಳಿದರು. ಇದನ್ನು ನೀನು ನೆನಪಿಡು, ಅವರು ಹುಂಬತನ ಮಾಡಲಿಲ್ಲ. ಮಾತು ಮುಗಿಯುವ ಮೊದಲೇ ಒಂದು ಬೀಸು ಬಂತು ನೋಡು, ನನ್ನ ಮಡಿಲಿನ ಬಟ್ಟೆಗಳೆಲ್ಲ ಹಾರಿಹೋದವು. ತಲೆ ಎತ್ತಿ ನೋಡಿದರೆ ಅಪ್ಪ ಕಾಲೂರಿ ಹಿಂದಕ್ಕೆ ವಾಲಿದ್ದಾರೆ, ಕಾಲು ಮರಳನ್ನು ಗೀರುತ್ತ ಮುಂದಕ್ಕೆ ಮುಂದಕ್ಕೆ ಹೋಗುತ್ತಿದೆ. ಆಮೇಲೆ ಮುಖ ಅಡಿಯಾಗಿ ಬಿದ್ದರು. ಪಟ ಬಿಡಲಿಲ್ಲ. ಅವರನ್ನು ಮೂಟೆ ಎಳೆದ ಹಾಗೆ ಎಳೆದುಕೊಂಡು ಹೊರಟಿತು, ಅಲೆ ತಡೆಯಲು ಸುರಿದ ಬಂಡೆಗಳ ಕಡೆಗೆ. 'ಬಿಟ್ಬಿಡ್ರೀ, ಕೈ ಬಿಟ್ಬಿಡ್ರೀ' ಎಂದು ಕಿರುಚುತ್ತ ಓಡಿದೆ. ನನ್ನ ಮಂಡಿ ನೋವು ಎಲ್ಲಿಗೆ ಹೋಗಿತ್ತೋ! ಅವರ ಕಾಲಿನ ಮೇಲೆ ಬಿದ್ದು ತಬ್ಬಿಕೊಂಡೆ, ನನ್ನನ್ನೂ ಸೇರಿಸಿಕೊಂಡು ಎಳೆಯಿತು. ಕಾಜಾದ ಕತ್ತರಿ ಇನ್ನೂ ಹೆಬ್ಬೆರಳಿನಲ್ಲೇ ಸಿಕ್ಕಿಕೊಂಡಿತ್ತು. ಅವರ ಬೆನ್ನ ಮೇಲೆ ತೆವಳಿ ಹೋಗಿ ಬಲಗೈ ಪಟ್ಟಿಗೆ ಕತ್ತರಿ ಹಾಕಿದೆ. ಮೊದಲ ಸಲ ಜಾರಿತು. ಎರಡನೆಯ ಸಲ ಕತ್ತರಿಸಿತು. ಒಂದೇ ದಾರ ಉಳಿದ ಮೇಲೆ ಪಟ ಬುಗುರಿಯಂತೆ ತಿರುಗಿ ನೀರಿಗೆ ಬಿತ್ತು. ಬಂಡೆ ಅಲ್ಲಿಂದ ನಮ್ಮ ಅಡುಗೆಮನೆಯಷ್ಟು ದೂರವೂ ಇರಲಿಲ್ಲ. ಕತ್ತರಿಸಿದ್ದು ಎಲ್ಲಿ ಗೊತ್ತೇ? ನನ್ನದೇ ನಾಲ್ಕು ಸಾಲು ಹೊಲಿಗೆಯ ಪಕ್ಕದಲ್ಲಿ. ಆಗಲೇ ಕೆಂಪು ಬಾಲ ಕಣ್ಣಿಗೆ ಬಿತ್ತು, ಅಂಗಡಿಯಾಕೆ ಅಪ್ಪನಿಗೆ ತೋರಿಸುತ್ತಿದ್ದದ್ದು ಅದನ್ನೇ ಎಂದು ಆಗಲೇ ಅರ್ಥವಾಯಿತು. ಎಡಗೈಯದನ್ನೂ ಕತ್ತರಿಸಿ, ಎರಡನ್ನೂ ಚೀಲಕ್ಕೆ ತುರುಕಿಕೊಂಡೆ.

ಅಪ್ಪನ ಮೊಣಕೈ, ಗಲ್ಲ ತರಚಿದೆ. ಎಡ ಮಣಿಕಟ್ಟು ಊದಿದೆ, ಮೂಳೆ ಸರಿಯಾಗಿದೆ ಎಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ಹೇಳಿದರು. ಅದೆಲ್ಲ ಮಾಯುತ್ತದೆ. ಆದರೆ ಮತ್ತೆ ಆ ಕುರ್ಚಿಯಲ್ಲಿ ಕೂತಿದ್ದಾರೆ. ದಾರ ಹಿಡಿದು ನೀರಿನಿಂದ ಎಳೆದು ತಂದ ಪಟ ಒಂದು ಚೂರೂ ಹರಿದಿಲ್ಲ, ನಾನೇ ತೊಳೆದು ಒಣಗಿಸಿದೆ, ಅವರು ಅದರ ಕಡೆ ತಿರುಗಿಯೂ ನೋಡುತ್ತಿಲ್ಲ. ನಿನ್ನೆ ಒಂದು ಮಾತು ಆಡಿದರು. 'ಬಾಲ ಹಿಡಿದೆ ಅಂದ್ಕೊಂಡೆ ಕಣೇ. ಎರಡು ಸಲ ಜಗ್ಗಿದೆ. ಬೇರೆ ಏನನ್ನೋ ಹಿಡಿದಿದ್ದೀನಿ. ಡಾಕ್ಟರು ಸುಳ್ಳು ಹೇಳಿರಲಿಲ್ಲ.' ಮಗಳೇ, ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಗಂಜಿ ಕಲಕುವ ನೆಪದಲ್ಲಿ ಒಳಗೆ ಎದ್ದು ಬಂದೆ. ಮದುವೆಯಾದ ಈ ಮೂವತ್ತೆರಡು ವರ್ಷದಲ್ಲಿ ಅವರು ಯಾರ ಮುಂದೆಯೂ ನನ್ನ ಹೊಲಿಗೆಯನ್ನು ಬಿಟ್ಟುಕೊಟ್ಟವರಲ್ಲ. ಆ ಹೊಲಿಗೆಯೇ ನಿಮ್ಮನ್ನು ಬಂಡೆಗೆ ಎಳೆದುಕೊಂಡು ಹೋಗುತ್ತಿತ್ತು ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ? ಹೇಳದಿದ್ದರೆ ತಮ್ಮ ಕೈ ತಪ್ಪಿತೆಂದೇ ನಂಬಿ ಕೂತಿರುತ್ತಾರೆ. ಹೇಡಿ ಎಂದು ನೀನು ಬೈದರೂ ಸರಿ, ಬೈಸಿಕೊಳ್ಳುತ್ತೇನೆ. ನಾನೇನು ಮಾಡಲಿ ಎಂದು ಕೇಳಲೆಂದೇ ಈ ಕಾಗದ ಹಿಡಿದು ಕೂತೆ. ನಿನ್ನ ಉತ್ತರ ಬರುವುದಕ್ಕೆ ಐದು ವಾರ ಬೇಕೆಂಬುದು ಇಲ್ಲಿಯವರೆಗೆ ಬರೆದ ಮೇಲೆ ಹೊಳೆಯುತ್ತಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಬೆರಳಿಗೆ ಮುಲಾಮು ಹಚ್ಚು. ಡೆಕ್ಕಿನ ಮೇಲೆ ನಿಲ್ಲುವಾಗ ಕಂಬಿ ಹಿಡಿದುಕೊ. ನೂರು ವರ್ಷ ನಗುನಗುತ್ತಾ ಬಾಳು ಮಗಳೇ, ನನ್ನ ಆಯಸ್ಸೂ ನಿನಗಿರಲಿ.

ಇಂತಿ,
ನಿನ್ನ ಹೊಲಿಗೆಯ ಅಮ್ಮ

ತಾ.ಕ.: ಸಂಜೆ ನಾಲ್ಕೂವರೆ. ಲಕೋಟೆ ಅಂಟಿಸಲು ಆಗಲಿಲ್ಲ, ಹೋಗಿ ಹೇಳಿಬಿಟ್ಟೆ. ಪಟ್ಟಿಗಳನ್ನು ಅವರ ತೊಡೆಯ ಮೇಲೆ ಹಾಕಿದೆ. 'ಎರಡೂ ಕಡೆ ಹೊಲಿದಿದ್ಯಾ?' ಎಂದರು. ಹೂಂ ಎಂದೆ. ಕೆಂಪು ಬಾಲ ಹಿಡಿದು ಜಗ್ಗಿದರು, ಬರಲಿಲ್ಲ. ಹಲ್ಲು ಕಚ್ಚಿ ಜಗ್ಗಿದರು, ಬರಲಿಲ್ಲ. 'ಹಾಗಾದ್ರೆ ನಾನು ಹಿಡಿದದ್ದು ಬಾಲಾನೇ' ಎಂದರು. ಮೂರು ಸಲ ಅದನ್ನೇ ಹೇಳಿದರು. ಆಮೇಲೆ ಮುಖ ಮುಚ್ಚಿಕೊಂಡು ಅತ್ತರು ಕಣೇ, ಇಷ್ಟು ವರ್ಷದಲ್ಲಿ ನಾನು ಕಾಣದ ಅಳು. ಅದು ಮುಗಿದ ಮೇಲೆ ನನ್ನನ್ನು ಬೈದ ಬೈಗುಳಕ್ಕೆ ಮೇಲಿನ ಮನೆಯವರು ಬಗ್ಗಿ ನೋಡಿದರು. 'ನನ್ನ ಸಾಮಾನಿಗೆ ಇನ್ನೊಂದು ಸಲ ಸೂಜಿ ಮುಟ್ಟಿಸಿದ್ರೆ ನೋಡು!' ಈಗ ಹೊಸ ಕೈಪಟ್ಟಿ ತರಲು ಅಂಗಡಿಗೆ ಹೋಗಿದ್ದಾರೆ. ನನ್ನನ್ನು ಕರೆಯಲಿಲ್ಲ, ಬಾಗಿಲನ್ನು ಗೋಡೆ ಅದುರುವಂತೆ ಎಳೆದುಕೊಂಡು ಹೋದರು. ಆ ಕೋಪ ಬೇಗ ಇಳಿಯುವುದು ಬೇಡ, ಇನ್ನೊಂದೆರಡು ದಿನ ಇರಲಿ.