ಬಿಸಿಲಿಗೆ ಅಚ್ಚಾದ ಹಾಳೆ

ಪ್ರೀತಿಯ ಅಪ್ಪನಿಗೆ,

ನಿಮ್ಮ ಮುದ್ರಣ ಯಂತ್ರವನ್ನು ನಮ್ಮ ಪ್ರಯೋಗಾಲಯಕ್ಕೆ ತಂದ ದಿನದಿಂದ ನೀವು ನನ್ನ ಜೊತೆ ಮಾತು ಬಿಟ್ಟಿದ್ದೀರಿ. ಆದರೂ ಇದನ್ನು ಹೇಳದೆ ಇರಲಾರೆ.

ಇವತ್ತು ಅದರಲ್ಲಿ ಶಾಯಿಗೆ ಬದಲು ಬಿಸಿಲನ್ನು ಕರೆಂಟು ಮಾಡುವ ದ್ರಾವಣ ಹಾಕಿ, ಪ್ಲಾಸ್ಟಿಕ್ ಸುರುಳಿಯ ಮೇಲೆ ಸೌರಕೋಶ ಅಚ್ಚು ಹಾಕಿದೆವು. ಮೊದಮೊದಲು ಬರೀ ಗೆರೆ ಬಿದ್ದವು. "ರೋಲರ್ ಬೆಚ್ಚಗಾಗ್ಲಿ, ಅವಸರ ಮಾಡ್ಬೇಡಿ. ನಿಮ್ಮಪ್ಪ ಅದನ್ನ ಹಾಗೇ ಪಳಗಿಸಿದ್ದು" ಎಂದರು ನಿಮ್ಮ ಪ್ರೆಸ್ಸಿನ ಹಳೆಯ ಫೋರ್‌ಮನ್. ಕಾದೆವು. ಆಮೇಲೆ ಅಚ್ಚಾದ ಸುರುಳಿ ಕ್ಯಾಲೆಂಡರ್ ಹಾಳೆಯ ಹಾಗೆ ಮೀಟರುಗಟ್ಟಲೆ ಹೊರಬಂತು.

ಅಂಗೈಯಗಲದ ತುಂಡನ್ನು ಕಿಟಕಿಯ ಬಿಸಿಲಿಗೆ ಹಿಡಿದೆ. ಅದಕ್ಕೆ ಜೋಡಿಸಿದ ಪುಟ್ಟ ಫ್ಯಾನು ತಿರುಗಿತು, ಅಪ್ಪ! ಕೈ ಅಡ್ಡ ಇಟ್ಟರೆ ನಿಂತಿತು, ತೆಗೆದರೆ ಮತ್ತೆ ತಿರುಗಿತು. ಎಷ್ಟು ಸಲ ಹಾಗೆ ಮಾಡಿದೆನೋ, ಲೆಕ್ಕವಿಲ್ಲ.

ಎಡಗಡೆಯ ಅಂಚಿನಲ್ಲಿ ಮಾತ್ರ ಅಚ್ಚು ಇನ್ನೂ ಸರಿಯಾಗಿ ಬೀಳುತ್ತಿಲ್ಲ, ಯಂತ್ರ ನಮಗೆ ಬಗ್ಗುತ್ತಿಲ್ಲ. ಸೋಮವಾರ ಬರುತ್ತೀರಾ? ಬೈಯುವುದಿದ್ದರೆ ಯಂತ್ರದ ಪಕ್ಕದಲ್ಲೇ ನಿಂತು ಬೈಯಿರಿ.

ನಿಮ್ಮ ಮಗಳು